ಕರಡಿಯ ಬೆನ್ನಿನ ಜಿಪ್ಪು

ಪೇಟೆಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ನಾಟಕದವರಿಗೆ, ಜಾಹೀರಾತಿನವರಿಗೆ ವೇಷದ ಬಟ್ಟೆ ಹೊಲಿದುಕೊಡುವುದು ಅವಳ ಕಸುಬು. ಅವಳು ಹಾಕಿದ ಹೊಲಿಗೆ ಬಿಚ್ಚಬೇಕಾದರೆ ಎರಡು ಆನೆ ಎರಡು ದಿಕ್ಕಿಗೆ ಎಳೆಯಬೇಕು, ಅದೂ ಹೊಟ್ಟೆ ತುಂಬ ಉಂಡ ಆನೆಗಳು. ಇದನ್ನು ಸುಳ್ಳೆನ್ನುವವರು ಆನೆ ತಂದು ನೋಡಬಹುದು.

ಆ ಬೇಸಿಗೆಯ ವಿಷಯವಂತೂ ಕೇಳಲೇಬೇಡಿ. ನಲ್ಲಿಯಲ್ಲಿ ಬರುತ್ತಿದ್ದ ನೀರಿಗೆ ಟೀ ಪುಡಿ ಹಾಕುವುದೊಂದೇ ಬಾಕಿ. ಡಾಂಬರು ರಸ್ತೆ ದಾಟಿದವರು ಆಚೆ ಬದಿಗೆ ಬರಿಗಾಲಲ್ಲಿ ತಲುಪುತ್ತಿದ್ದರು, ಚಪ್ಪಲಿ ನಡುರಸ್ತೆಯಲ್ಲೇ ಅಂಟಿಕೊಂಡಿರುತ್ತಿತ್ತು. ಸೂರ್ಯ ಮುಳುಗಿದ ಹಾಗೆ ನಾಟಕ ಮಾಡಿ ಗೋಡೆಯ ಹಿಂದೆ ನಿಂತು ರಾತ್ರಿಯೆಲ್ಲ ಕೆಂಡ ಊದುತ್ತಿದ್ದ.

ಇಂಥ ಬೇಸಿಗೆಯಲ್ಲಿ ಕತ್ತರಿಯ ತಮ್ಮನಿಗೆ ಸಿಕ್ಕ ಕೆಲಸವೆಂದರೆ ಹಿಮಕರಡಿಯಾಗುವುದು.

ಮೊದಲು ಅವನು ಬಿಸ್ಕತ್ ಫ್ಯಾಕ್ಟರಿಯಲ್ಲಿದ್ದ. ಹಿಂದಿನ ಮಳೆಗಾಲ ವರ್ಷದ ಮಳೆಯನ್ನೆಲ್ಲ ಒಂದೇ ಮಧ್ಯಾಹ್ನ ಸುರಿದು ಕೈತೊಳೆದುಕೊಂಡಿತು. ಹೊಳೆ ಫ್ಯಾಕ್ಟರಿಯೊಳಗೆ ನುಗ್ಗಿ ಒಲೆಗಳನ್ನೇ ಹೊತ್ತುಕೊಂಡು ಹೋಯಿತು. ಆಮೇಲೆ ಅವನನ್ನು ಕರೆದದ್ದು ಒಂದು ಪೆಟ್ರೋಲ್ ಕಂಪನಿ. ಭೂಮಿಯ ಹೊಟ್ಟೆ ಬಗೆದು ಎಣ್ಣೆ ತೆಗೆದು, ಆಕಾಶಕ್ಕೆಲ್ಲ ಮಸಿ ಬಳಿದವರಿಗೆ ಇದ್ದಕ್ಕಿದ್ದಂತೆ ಹಿಮಕರಡಿಯ ಮೇಲೆ ಮಮತೆ ಉಕ್ಕಿತ್ತು. ಬಂಕಿನ ಮುಂದೆ ಕರಡಿ ನಿಲ್ಲಬೇಕು, ಪೆಟ್ರೋಲ್ ಹಾಕಿಸಿಕೊಳ್ಳುವವರ ಕೈಗೆ ಒಂದು ಸಸಿ, ಒಂದು ಚೀಟಿ ಕೊಡಬೇಕು. ಚೀಟಿಯಲ್ಲಿ ಹೀಗಿತ್ತು: ‘ನಿಮ್ಮ ಮನೆಯ ಒಂದು ದೀಪ ಆರಿಸಿ, ಹಿಮಕರಡಿಯನ್ನು ಉಳಿಸಿ.’

“ನಮ್ಮನೇಲಿರೋದೇ ಒಂದು ದೀಪ,” ಎಂದಳು ಕತ್ತರಿ. “ಅವರ ಬಂಕಿನ ನೆತ್ತಿ ಮೇಲಿರೋ ಬೋರ್ಡು ಚಂದ್ರಲೋಕದೋರಿಗೂ ಕಾಣತ್ತೆ. ಅದನ್ನ ಯಾರು ಆರಿಸ್ತಾರಂತೆ?”

“ಚೀಟಿ ಬರೆದೋನು ನಾನಲ್ಲ ಅಕ್ಕಾ. ನಾನು ಬರೀ ಕರಡಿ,” ಎಂದ ತಮ್ಮ.

ವೇಷ ಹೊಲಿದವಳು ಅವಳೇ. ಜಿಪ್ಪು ಬೆನ್ನಿಗೇ ಇರಬೇಕು, ಕುತ್ತಿಗೆಯ ಹತ್ತಿರ ಕೊಕ್ಕೆ ಬೇಕು, ಒಳಗಿದ್ದವನ ಕೈಗೆ ಎಟುಕಲೇಬಾರದು ಎಂದಿದ್ದ ಕಂಪನಿಯ ಪ್ರಚಾರದ ಮ್ಯಾನೇಜರ. “ಮಕ್ಕಳ ಮುಂದೆ ತಲೆ ತೆಗೆದ್ಬಿಟ್ರೆ? ಒಳಗೆ ಮನುಷ್ಯ ಇದಾನೆ ಅಂತ ಗೊತ್ತಾದ್ರೆ ಮಕ್ಕಳ ಮನಸ್ಸು ಒಡೆದುಹೋಗತ್ತಮ್ಮಾ!” ಕತ್ತರಿ ಹಾಗೇ ಹೊಲಿದಳು, ನೈಲಾನ್ ದಾರ, ಜೋಡಿ ಹೊಲಿಗೆ. ಅದನ್ನು ನೋಡಿದ್ದರೆ ಧ್ರುವದ ಕರಡಿಗಳು ತಮಗೂ ಒಂದೊಂದು ಬೇಕೆಂದು ಸಾಲುಗಟ್ಟುತ್ತಿದ್ದವು.

ಒಂದು ಮಧ್ಯಾಹ್ನ ಆ ಕರಡಿ ಬಂಕಿನ ಮುಂದೆ ಕೂತಿತು, ಆಮೇಲೆ ಮಲಗಿತು. ಜನ ನಕ್ಕರು, ಫೋಟೊ ಹೊಡೆದರು. ಪೆಟ್ರೋಲ್ ಹಾಕುವ ಹುಡುಗಿ ಮಾತ್ರ ಅನುಮಾನಗೊಂಡು ಕರಡಿಯ ಹತ್ತಿರ ಓಡಿದಳು. ಅಷ್ಟರಲ್ಲಿ ಜಿಪ್ಪು ಕಚ್ಚಿಕೊಂಡಿತ್ತು. ನಾಲ್ಕು ಜನ ಎಳೆದರೂ ಬಟ್ಟೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಕತ್ತರಿ ಬಂದು, ತಾನೇ ಹಾಕಿದ ಹೊಲಿಗೆಯನ್ನು ತಾನೇ ಬೈಯುತ್ತ ಸೀಳಿದಳು. ತಮ್ಮನ ಮೈ ಇಸ್ತ್ರಿ ಪೆಟ್ಟಿಗೆಯ ಹಾಗೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ.

“ಇನ್ನೊಂದ್ಸಲ ಹೀಗಾದ್ರೆ ಇಲ್ಲಿಗೆ ತಂದೂ ಪ್ರಯೋಜನ ಇಲ್ಲ,” ಎಂದರು ಆಸ್ಪತ್ರೆಯ ಡಾಕ್ಟರು.

ತಮ್ಮ ಕಣ್ಣು ಬಿಟ್ಟವನೇ, “ಸೋಮವಾರ ಕೆಲಸಕ್ಕೆ ಹೋಗ್ತೀನಿ,” ಎಂದ.

“ಹೋದ್ರೆ ಕಾಲು ಮುರೀತೀನಿ.”

“ಮತ್ತೇನ್ಮಾಡ್ಲಿ? ಹೊಳೆ ಅಡೀಲಿ ಬಿಸ್ಕತ್ ಬೇಯಿಸ್ಲಾ?”

ಕತ್ತರಿ ಲೆಕ್ಕ ಹಾಕಿದಳು: ಇವನು ಕೆಲಸಕ್ಕೆ ಹೋಗುವವನೇ. ಹಾಗಾದರೆ ಜಿಪ್ಪು ಮುಂದೆ ಬರಬೇಕು, ಅವನ ಕೈಗೇ ಸಿಗಬೇಕು. ಅಷ್ಟಾದರೆ ತಮ್ಮ ಉಳಿದಾನು.

ಮರುದಿನ ಮ್ಯಾನೇಜರ ಹರಿದ ಕರಡಿಯನ್ನು ಹೊತ್ತುಕೊಂಡು ಅಂಗಡಿಗೆ ಬಂದ. “ಏನಮ್ಮಾ, ಹೀಗಾ ಕತ್ತರಿಸೋದು! ಸೋಮವಾರ ಶಾಲೆ ಮಕ್ಕಳು ಬರ್ತಾರೆ.”

“ನನ್ನ ತಮ್ಮ ಹೇಗಿದಾನೆ ಅಂತ ಕೇಳ್ಲಿಲ್ಲ ನೀವು.”

“ಹಾಂ, ಹೇಗಿದಾನೆ? ಸೋಮವಾರ ಬರ್ತಾನಲ್ವಾ?”

“ಜಿಪ್ಪು ಮುಂದೆ ಇಡ್ತೀನಿ ಸರ್.”

“ಆಗಲ್ಲ. ಎದೆ ಮೇಲೆ ಜಿಪ್ಪಿರೋ ಕರಡೀನ ಎಲ್ಲಾದ್ರೂ ನೋಡಿದೀರಾ?”

“ಬೆನ್ನ ಮೇಲಿರೋದನ್ನ ನೀವು ನೋಡಿದೀರಾ?”

“ನನಗೆ ಸಮಯ ಇಲ್ಲ. ಹಿಂದೇನೇ ಇರಲಿ.”

ಕತ್ತರಿ ಕೂಗಾಡಲಿಲ್ಲ. ಅವಳು ಕೂಗಾಡಿದರೆ ಪೇಟೆಗೆ ಹೆದರಿಕೆಯಿಲ್ಲ. ಸುಮ್ಮನಾದರೆ ಮಾತ್ರ ಅಕ್ಕಪಕ್ಕದವರು ಅಂಗಡಿ ಬಾಗಿಲು ಎಳೆದುಕೊಳ್ಳುತ್ತಿದ್ದರು. “ಆಗ್ಲಿ ಸರ್. ಅಳತೆ ನೋಡೋಕೆ ಒಂದ್ಸಲ ನೀವೇ ಹಾಕ್ಕೋಬೇಕು. ನನ್ನ ತಮ್ಮಂದು ನಿಮ್ಮದು ಒಂದೇ ಎತ್ತರ,” ಎಂದಳು, ಬೆಣ್ಣೆಯಂಥ ದನಿಯಲ್ಲಿ.

ಸೋಮವಾರ ಬಂಕಿನಲ್ಲಿ ಮ್ಯಾನೇಜರ ಟೈ ಸಮೇತ ರಿಪೇರಿಯಾದ ಕರಡಿಯೊಳಗೆ ಇಳಿದ. ತಮ್ಮ ಬೋರಲು ಹಾಕಿದ ಬಕೆಟ್ ಮೇಲೆ ನೆರಳಲ್ಲಿ ಕೂತಿದ್ದ. ಮುಂದಿನ ಸರದಿ ಅವನದೇ. ಕತ್ತರಿ ತಲೆ ಕೂರಿಸಿದಳು, ಜಿಪ್ಪು ಎಳೆದಳು, ಕೊಕ್ಕೆ ಹಾಕಿದಳು. ಆಮೇಲೆ ಸೂಜಿ ತೆಗೆದು ಜಿಪ್ಪಿನ ಮೇಲೆ ಅಡ್ಡಡ್ಡ ಹೊಲಿಗೆ ಬಿಗಿದಳು.

“ಏನೋ ಚುಚ್ತಲ್ಲ?”

“ದಾರದ ತುದಿ ಸರ್. ಬಿಸಿಲಿಗೆ ಬನ್ನಿ, ನಡಿಗೆ ನೋಡೋಣ.”

ಸ್ವಲ್ಪ ಹೊತ್ತು ಕರಡಿ ಠೀವಿಯಿಂದ ನಡೆಯಿತು. ಆಮೇಲೆ, “ಸಾಕು, ಬಿಚ್ಚಿ,” ಎಂದಿತು.

“ಅಯ್ಯೋ, ಶಾಲೆ ವ್ಯಾನ್ ಬಂತಲ್ಲ ಸರ್! ಮಕ್ಕಳ ಮನಸ್ಸು ಒಡೆದುಹೋಗತ್ತೆ.”

ಕರಡಿ ಎರಡೂ ಕೈ ಬೆನ್ನಿಗೆ ಹಾಕಿ ತಡಕಾಡಿತು. ಕೈ ಎಟುಕಲಿಲ್ಲ, ಎಟುಕದ ಹಾಗೆ ಹೊಲಿಸಿದವನೇ ಅವನು. ಸುತ್ತಿತು, ಕುಣಿಯಿತು, ಪೆಟ್ರೋಲ್ ಪಂಪಿಗೆ ಒರಗಿ ಬೆನ್ನು ತಿಕ್ಕಿತು. ವ್ಯಾನಿನಿಂದ ಇಳಿದ ಮಕ್ಕಳು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು.

ಕತ್ತರಿ ಕರಡಿಯ ಕಿವಿಗೆ ಬಾಯಿಟ್ಟಳು. ಈಗ ಬೆಣ್ಣೆ ಕರಗಿತ್ತು.

“ಸೆಕೆನಾ ಸರ್? ಒಳಗೋಗಿ ಇನ್ನೂ ಒಂದು ಗಳಿಗೆ ಆಗಿಲ್ಲ. ನನ್ನ ತಮ್ಮ ದಿನವೆಲ್ಲ ಇದರೊಳಗಿದ್ದ. ಹೊಳೆ ಪಕ್ಕದೋರು, ಕಡಲ ಪಕ್ಕದೋರು, ಕಾಡು ಹೊತ್ತಿ ಮನೆ ಬಿಟ್ಟು ಓಡಿದೋರು, ಕಾಲಡಿ ಐಸ್ ಕರಗಿ ನೀರಿಗೆ ಬಿದ್ದ ಆ ನಿಜವಾದ ಕರಡಿ, ಎಲ್ಲಾರೂ ನೀವು ಹೊಲಿಸಿದ ಚೀಲದೊಳಗೇ ಬೇಯ್ತಾ ಇದಾರೆ! ಕೊಕ್ಕೆ ಹಾಕೋರು ನೀವು. ನಮಗೆ ಕೊಡೋದು ಚೀಟಿ. ದೀಪ ಆರಿಸಬೇಕಂತೆ, ದೀಪ!”

“ಉಸಿರು... ಉಸಿರು ಕಟ್ತಿದೆ...”

“ಕಟ್ಟಲಿ.”

“ಅಕ್ಕಾ.” ತಮ್ಮ ಎದ್ದು ಬಂದಿದ್ದ, ಗೋಡೆ ಹಿಡಿದುಕೊಂಡು. “ಸಾಕು ಬಿಚ್ಚು. ಒಳಗೆ ಹೇಗಿರತ್ತೆ ಅಂತ ನಂಗೊತ್ತು.”

ಕತ್ತರಿ ತಮ್ಮನ ಬಾಡಿದ ಮುಖ ನೋಡಿದಳು. ಅವಳ ಸಿಟ್ಟು ಇಳಿಯಲಿಲ್ಲ, ಕೈ ಮಾತ್ರ ಇಳಿದು ಸೊಂಟದ ಕತ್ತರಿ ಹಿಡಿಯಿತು. “ಜಿಪ್ಪು ಎಲ್ಲಿ ಸರ್?”

“ಮುಂದೆ... ಮುಂದೆ ಇಡಿ!”

“ಜೋರಾಗಿ. ಬಂಕಿನೋರಿಗೆಲ್ಲ ಕೇಳಲಿ.”

“ಜಿಪ್ಪು ಮುಂದೆ! ತಲೆ ಯಾವಾಗ ಬೇಕಾದ್ರೂ ತೆಗೀಲಿ!”

ಒಂದೇ ಏಟಿಗೆ ಹೊಲಿಗೆ ಸೀಳಿತು. ಕರಡಿಯ ತಲೆ ಕಳಚಿ ಬಿತ್ತು, ಅದರೊಳಗಿಂದ ಮಸಾಲೆಯಿಲ್ಲದೆ ಬೇಯಿಸಿದಂಥ ಮ್ಯಾನೇಜರನ ಮುಖ ಹೊರಬಂತು. ಅಷ್ಟು ಮಕ್ಕಳಲ್ಲಿ ಒಂದು ಮಗುವೂ ಅಳಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಅಂಕಲ್, ಇದರೊಳಗೆ ಸೆಕೆ ಆಗಲ್ವಾ?” ಎಂದು ಕೇಳಿದಳು, ಅಷ್ಟೇ. ಇದಕ್ಕಾಗಿ, ಇಷ್ಟೇ ಇಷ್ಟಕ್ಕಾಗಿ, ತಮ್ಮ ಸಾಯುವುದರಲ್ಲಿದ್ದ.

ಮ್ಯಾನೇಜರ ಕಾರಿಗೆ ಓಡಿದ. ಗಾಜು ಏರಿಸಿ, ಎಂಜಿನ್ ಹಚ್ಚಿ, ಎಸಿಯ ಮುಂದೆ ಮುಖವೊಡ್ಡಿ ಕೂತ. ಹಂಚಲು ತಂದಿಟ್ಟ ಸಸಿಗಳ ಮೇಲೆ ಕಾರಿನ ಹೊಗೆ ನೇರವಾಗಿ ಬೀಳುತ್ತಿತ್ತು.

“ಎಂಜಿನ್ ಆರಿಸ್ರೀ!” ಎಂದು ಕತ್ತರಿ ಗಾಜು ಬಡಿದಳು. ಅವನು ಒಳಗಿನಿಂದಲೇ, ಸ್ವಲ್ಪ ಹೊತ್ತು ಎಂದು ಕೈಸನ್ನೆ ಮಾಡಿದ.

ಅವಳು ನೆರಳಿಗೆ ಬಂದು, ಬೆನ್ನಿನ ಸೀಳು ಮುಚ್ಚಿ, ಎದೆಗೆ ಜಿಪ್ಪು ಕೂರಿಸಿದಳು. ತಮ್ಮ ಅಷ್ಟರಲ್ಲಿ ಸಸಿಗಳನ್ನು ಒಂದೊಂದಾಗಿ ಈಚೆಗೆ ಎತ್ತಿಟ್ಟ. ಆಮೇಲೆ ವೇಷ ಹಾಕಿಕೊಂಡು ಜಿಪ್ಪು ಮೇಲೆಳೆದ, ಕೆಳಗೆಳೆದ, ಮತ್ತೆ ಮೇಲೆಳೆದ. “ಸಲೀಸಾಗಿ ಬರ್ತಿದೆ ಅಕ್ಕಾ.”

ಕತ್ತರಿ ದಾರ ಕಡಿದು ಕಾರಿನ ಕಡೆ ನೋಡಿದಳು. ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಅವಳು ಎದ್ದಳು.

“ಅಕ್ಕಾ, ಕತ್ತರಿ ಇಲ್ಲಿ ಕೊಟ್ಟು ಹೋಗು.”

ಅವಳು ಕೊಡಲಿಲ್ಲ.