ಹಣೆಯ ಮೇಲಿನ ಪ್ಲಾಸ್ಟರು

"ಲಗೂನ ತಗೀರಿ, ಸಿಸ್ಟರ್ ಬಂದ್ರ ಇಬ್ರಿಗೂ ಮಂಗಳಾರತಿ ಆಗ್ತತಿ" ಎಂದು ದಾಕ್ಷಾಯಣಮ್ಮ ಬಾಗಿಲ ಕಡೆಗೇ ಕಿವಿ ಇಟ್ಟುಕೊಂಡು ಹೇಳಿದಳು. ಜಂಬಣ್ಣ ಹೆಂಡತಿಯ ಹಣೆಗೆ ಮೂಗು ತಾಗುವಷ್ಟು ಬಗ್ಗಿ, ಹುಬ್ಬಿನ ಮೇಲೆ ಅಂಟಿಸಿದ್ದ ಬಿಳಿ ಪ್ಲಾಸ್ಟರಿನ ತುದಿಯನ್ನು ಉಗುರಿನಿಂದ ಎಬ್ಬಿಸುತ್ತಿದ್ದ. ಜೋರಾಗಿ ಎಳೆದರೆ ಹುಬ್ಬಿನ ಕೂದಲೂ ಜೊತೆಗೆ ಬರುತ್ತಿತ್ತು.

"ದಾವಣಗೆರಿ ಅಂಟು ಇದು, ಸುಮ್ನ ಬರಂಗಿಲ್ಲ. ಅಳ್ಳಾಡಬ್ಯಾಡ" ಎಂದ.

ಕೊಟ್ಟೂರಿನ ಒಂದು ಹೈಸ್ಕೂಲಿನ ಎಂಟನೇ ತರಗತಿಯ ಕೋಣೆ ಅದು. ಸಂಕ್ರಾಂತಿ ರಜೆ ನೋಡಿಕೊಂಡು ಅಲ್ಲಿ ಉಚಿತ ಕಣ್ಣಿನ ಶಿಬಿರ ಇಟ್ಟಿದ್ದರು. ಬೆಂಚುಗಳನ್ನು ಗೋಡೆಗೆ ಒಟ್ಟಿ, ಜಮಖಾನೆ ಹಾಸಿ, ಪೊರೆ ತೆಗೆಸಿಕೊಳ್ಳಲು ಬಂದ ಹೆಂಗಸರನ್ನು ಸಾಲಾಗಿ ಮಲಗಿಸಿದ್ದರು. ಕಪ್ಪು ಹಲಗೆಯ ಮೇಲೆ ಯಾರೋ ಅರ್ಧ ಬಿಡಿಸಿಟ್ಟ ಲೆಕ್ಕ ಹಾಗೆಯೇ ಇತ್ತು. ದಾವಣಗೆರೆಯಿಂದ ವ್ಯಾನಿನಲ್ಲಿ ಬಂದಿದ್ದ ಡಾಕ್ಟರು ಅಮರೇಶ್ ಹಿಂದಿನ ದಿನ ಒಬ್ಬೊಬ್ಬರ ಕಣ್ಣಿಗೂ ಟಾರ್ಚು ಬಿಟ್ಟು ನೋಡಿ ಎಡ, ಬಲ ಎಂದು ಹೇಳುತ್ತ ಹೋಗಿದ್ದರು. ಅವರ ಹಿಂದೆಯೇ ಸಿಸ್ಟರ್ ಸುಮಲತಾ ಯಾವ ಕಣ್ಣಿಗೆ ಆಪರೇಷನ್ನೋ ಆ ಹುಬ್ಬಿನ ಮೇಲೆ ಎರಡು ಬೆರಳಗಲದ ಪ್ಲಾಸ್ಟರು ಒತ್ತುತ್ತ ಹೋಗಿದ್ದಳು. ಅರವತ್ತು ಜನರಿಗೂ ಒಂದೇ ಮಾತು. "ಇದನ್ನ ಯಾರೂ ಮುಟ್ಟಬಾರದು. ಕಿತ್ತುಕೊಂಡವರಿಗೆ ಆಪರೇಷನ್ ಇಲ್ಲ, ಬಸ್ಸು ಹತ್ತಿಸಿ ಊರಿಗೆ ಕಳಿಸೋದೇ."

ದಾಕ್ಷಾಯಣಮ್ಮ ರಾತ್ರಿಯೆಲ್ಲ ತಲೆಯಾಡಿಸಿ ಒಪ್ಪಿಕೊಂಡವಳು, ಬೆಳಗಾಗುತ್ತಲೇ ಎದ್ದು ಕೂತು ಗಂಡನಿಗೆ ಹೇಳಿ ಕಳಿಸಿದಳು. ಹುಟ್ಟಿದಾಗಿನಿಂದ ಹಣೆಗೆ ವಿಭೂತಿ ಇಲ್ಲದೆ ಬಾಯಿಗೆ ನೀರು ಹಾಕಿದವಳಲ್ಲ. ಮೂರು ಬೆರಳಿನ ಪಟ್ಟೆ ಹಣೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು, ನಡುವೆ ಈ ಪ್ಲಾಸ್ಟರು ಕೂತಿದೆ. "ಕಣ್ಣು ಕುಯ್ಯೋ ದಿನ ಬರೇ ಹಣಿ ಇಟ್ಕೊಂಡು ಒಳಗ ಹೋಗಂಗಿಲ್ಲ ನಾನು. ಬೇಕಾದ್ರ ಮನಿಗಿ ನಡೀರಿ" ಎಂದುಬಿಟ್ಟಳು.

ಮನೆಗೆ ನಡೀರಿ ಎಂಬ ಮಾತೇ ಜಂಬಣ್ಣನಿಗೆ ಭಯ. ಆಕೆಯನ್ನು ಇಲ್ಲಿವರೆಗೆ ಕರೆತರಲು ಮೂರು ವರ್ಷ ಹಿಡಿದಿತ್ತು. ಎಡಗಣ್ಣಿನಲ್ಲಿ ಪೊರೆ ಬೆಳೆದು ಮಜ್ಜಿಗೆ ತುಂಬಿದಂತೆ ಆಗಿದ್ದರೂ "ಬಲಗಣ್ಣು ಐತಲ್ಲ, ಎರಡೆರಡ್ರಾಗ ನೋಡಾಕ ಏನೈತಿ ನಮ್ಮ ಅರಸೀಕೆರ್ಯಾಗ" ಎನ್ನುತ್ತಿದ್ದಳು. ಅಕ್ಕಿ ಹಸನು ಮಾಡುವುದು, ಬಸ್ಸಿನ ಬೋರ್ಡು ಓದುವುದು, ಬಂದವರ ಗುರುತು ಹಿಡಿಯುವುದು ಎಲ್ಲ ಆ ಒಂದು ಬಲಗಣ್ಣಿನ ಮೇಲೆ ನಡೆದಿತ್ತು. ಅದಕ್ಕೇನಾದರೂ ಆದರೆ ಮುಂದೆ ಕತ್ತಲೆಯೇ.

ಪ್ಲಾಸ್ಟರು ಕಡೆಗೂ ಕೈಗೆ ಬಂತು. ಅದನ್ನು ಬೆಂಚಿನ ಅಂಚಿಗೆ ಅಂಟಿಸಿ ಜಂಬಣ್ಣ ಬಾಗಿಲಲ್ಲಿ ಕಾವಲು ನಿಂತ. ಆಕೆ ಮುಖ ತೊಳೆದು, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವಷ್ಟರಲ್ಲಿ ಕಾಲು ಗಂಟೆ. ಅಷ್ಟರಲ್ಲಿ ಕಾರಿಡಾರಿನ ಆ ಕಡೆಯಿಂದ ಸಿಸ್ಟರಿನ ಚಪ್ಪಲಿ ಸಪ್ಪಳ ಕೇಳಿತು. ಜಂಬಣ್ಣ ಓಡಿ ಬಂದು ಹೆಂಡತಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಡಾಕ್ಟರು ಎಡ ಅಂದಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಎದುರಿಗೆ ಕೂತವರ ಎಡಗಣ್ಣು ತನ್ನ ಬಲಗೈ ಕಡೆ ಬರುತ್ತದೆ ಎಂಬುದು ಮಾತ್ರ ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ. ತನ್ನ ಎಡಗೈ ಕಡೆಗಿದ್ದ ಹುಬ್ಬಿನ ಮೇಲೆ ಪ್ಲಾಸ್ಟರಿಟ್ಟು, ಹೆಬ್ಬೆರಳಿನಿಂದ ಎರಡು ಸಲ ಒತ್ತಿ, ಎದ್ದು ಹೊರಗೆ ಹೋದ. ಮೂವತ್ತೈದು ವರ್ಷ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದ ಕೈ ಅದು, ಒಂದು ಬೆರಳಿನಷ್ಟೂ ಹೆಚ್ಚುಕಡಿಮೆ ಆಗಿಲ್ಲ ಎಂದು ಅವನ ನಂಬಿಕೆ.

ಕಾಣುವ ಕಣ್ಣಿನ ಮೇಲೆಯೇ ಪ್ಲಾಸ್ಟರು ಕೂತದ್ದು ದಾಕ್ಷಾಯಣಮ್ಮನಿಗೆ ಆಗಲೇ ಗೊತ್ತಾಯಿತು. ಆದರೆ ಸುತ್ತ ನಾಲ್ಕು ಹೆಂಗಸರಿದ್ದರು. ನಾಲ್ಕು ಜನರ ಎದುರು "ನೀವು ಮಾಡಿದ್ದು ತಪ್ಪು" ಎಂದು ಗಂಡನಿಗೆ ಹೇಳಿ ಆಕೆಗೆ ರೂಢಿಯೇ ಇಲ್ಲ. ಒಮ್ಮೆ ಅವನು ಸೋಮವಾರದ ಊಟಕ್ಕೆ ಬೀಗರನ್ನು ಕರೆಯಲು ಹೋಗಿ, ಮಂಗಳವಾರ ಬನ್ನಿ ಎಂದು ಹೇಳಿ ಬಂದಿದ್ದ. ಆಕೆ ಏನೂ ಅನ್ನದೆ ಸೋಮವಾರವೂ ಹೋಳಿಗೆ ಮಾಡಿದಳು, ಮಂಗಳವಾರವೂ ಮಾಡಿದಳು. ಮೂವತ್ತೆಂಟು ವರ್ಷ ಆಕೆ ಹೀಗೆ ಹಿಂದಿನಿಂದ ತಿದ್ದುತ್ತ ಬಂದದ್ದರಿಂದಲೇ ಜಂಬಣ್ಣ ತನ್ನದು ತಪ್ಪೇ ಆಗುವುದಿಲ್ಲ ಎಂದು ನಂಬಿ ಹಾಯಾಗಿದ್ದ. ಈಗಲೂ ಅಷ್ಟೇ. ಹೆಸರು ಕೂಗಿ ಒಳಗಿನ ಕೋಣೆಯ ಬೆಂಚಿನ ಮೇಲೆ ಕೂರಿಸಿದಾಗ, ಸೆರಗು ಸರಿಮಾಡಿಕೊಳ್ಳುವವಳಂತೆ ಕೈ ಎತ್ತಿ, ಪ್ಲಾಸ್ಟರು ಕಿತ್ತು ಎಡಹುಬ್ಬಿನ ಮೇಲೆ ತಾನೇ ಅಂಟಿಸಿಕೊಂಡಳು. ಯಾರೂ ನೋಡಲಿಲ್ಲ. ಕೆಲಸ ಮುಗಿಯಿತು ಎಂದು ಕೈಕಟ್ಟಿ ಕೂತಳು.

ಹೊರಗೆ, ಆಪರೇಷನ್ ಕೋಣೆಯಾಗಿ ಮಾಡಿಕೊಂಡಿದ್ದ ಹತ್ತನೇ ತರಗತಿಯ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಅಟೆಂಡರ್ ಗಾಳೆಪ್ಪ ಕೂತಿದ್ದ. ಜಂಬಣ್ಣ ಅವನ ಎದುರಿಗೇ ಕಂಬಕ್ಕೆ ಒರಗಿ ನಿಂತ.

"ಯಜಮಾನ್ರ, ನಿಮ್ಮ ಮನ್ಯಾಗಿನವರದು ಯಾವ ಕಣ್ಣು?" ಎಂದು ಗಾಳೆಪ್ಪ ಹೊತ್ತು ಹೋಗಲಿ ಎಂದು ಕೇಳಿದ.

"ಎಡಗಣ್ಣು. ಪೂರಾ ಬೆಳ್ಳಗಾಗೇತಿ. ನೋಡು, ಇಲ್ಲಿ" ಎಂದು ಜಂಬಣ್ಣ ಎಡಗೈ ಚಾಚಿ ಗಾಳೆಪ್ಪನ ಹುಬ್ಬನ್ನೇ ಮುಟ್ಟಿ ತೋರಿಸಿದ.

"ಅದು ನಂದು ಬಲಗಣ್ಣ್ರಿ."

"ಎಡಲೇ ಅದು."

"ನನ್ನ ಕಣ್ಣು ನನಗ ಗೊತ್ತಿಲ್ಲೇನ್ರಿ ಯಜಮಾನ್ರ? ಊಟ ಮಾಡೋ ಕೈ ಕಡಿಗಿ ಐತಿ ನೋಡ್ರಿ" ಎಂದು ಗಾಳೆಪ್ಪ ಬಲಗೈ ಎತ್ತಿ ತೋರಿಸಿದ.

ಜಂಬಣ್ಣ ಗಾಳೆಪ್ಪನ ಕುರ್ಚಿಯ ಪಕ್ಕಕ್ಕೆ ಬಂದು, ಅವನು ನೋಡುವ ದಿಕ್ಕಿಗೇ ಮುಖ ಮಾಡಿ ನಿಂತು ತನ್ನ ಎಡಗಣ್ಣು ಮುಟ್ಟಿಕೊಂಡ. ಮತ್ತೆ ಎದುರಿಗೆ ಹೋಗಿ ನಿಂತ. ಬೆಳಿಗ್ಗೆ ತಾನು ಹೆಬ್ಬೆರಳಿನಿಂದ ಎರಡು ಸಲ ಒತ್ತಿದ್ದು ಆಕೆಯ ಕಾಣುವ ಕಣ್ಣಿನ ಮೇಲೆ.

ಹೇಳಿದರೆ ಆಕೆಯನ್ನು ಬಸ್ಸು ಹತ್ತಿಸುತ್ತಾರೆ, ಇನ್ನೊಮ್ಮೆ ಒಪ್ಪಿಸಲು ತನ್ನ ಆಯುಷ್ಯ ಸಾಲದು. ಹೇಳದಿದ್ದರೆ ಚಲೋ ಕಣ್ಣಿಗೇ ಕತ್ತರಿ ಬೀಳುತ್ತದೆ. ಜಂಬಣ್ಣ ಬಹಳ ಯೋಚಿಸಲಿಲ್ಲ. ಔಷಧದ ತಟ್ಟೆ ಹಿಡಿದು ಬರುತ್ತಿದ್ದ ಸುಮಲತಾಗೆ ಅಡ್ಡ ಹೋಗಿ ಎಲ್ಲ ಹೇಳಿಬಿಟ್ಟ.

ಸುಮಲತಾಗೆ ಇದು ಮೊದಲ ಶಿಬಿರ. ಆಕೆಯ ಮುಖ ಕೆಂಪಾಯಿತು. "ಬಡಕೊಂಡೆ ನಾನು, ಮುಟ್ಟಬ್ಯಾಡ್ರಿ ಅಂತ. ಡಾಕ್ಟ್ರಿಗೆ ಗೊತ್ತಾದ್ರೆ ನಿಮ್ಮ ಜೊತಿ ನನ್ನನ್ನೂ ಬಸ್ಸು ಹತ್ತಿಸ್ತಾರೆ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಆದರೂ ತಟ್ಟೆ ಗಾಳೆಪ್ಪನ ತೊಡೆಯ ಮೇಲಿಟ್ಟು ಒಳಗೆ ಓಡಿದಳು.

ಬೆಂಚಿನ ಮೇಲೆ ಮೂರನೆಯವಳಾಗಿ ಕೂತಿದ್ದ ದಾಕ್ಷಾಯಣಮ್ಮನ ಹಣೆಯಿಂದ ಪ್ಲಾಸ್ಟರು ಸರ್ರನೆ ಎದ್ದು ಈ ಕಡೆಯಿಂದ ಆ ಕಡೆಗೆ ಹೋಗಿ ಕೂತಿತು. ಎಲ್ಲಿದೆಯೋ ಅಲ್ಲಿಂದ ಇನ್ನೊಂದು ಕಡೆಗೆ, ಅಷ್ಟೇ ಸುಮಲತಾಳ ತಲೆಯಲ್ಲಿ ಇದ್ದದ್ದು.

"ಯವ್ವಾ, ಅದು..." ಎಂದು ದಾಕ್ಷಾಯಣಮ್ಮ ಬಾಯಿ ತೆರೆದಳು.

"ನೀವೇನೂ ಹೇಳಬ್ಯಾಡ್ರಿ. ನಿಮ್ಮ ಯಜಮಾನ್ರು ಎಲ್ಲ ಹೇಳ್ಯಾರೆ."

ಯಜಮಾನರು ಹೇಳಿದ್ದಾರೆ ಎಂದ ಮೇಲೆ ದಾಕ್ಷಾಯಣಮ್ಮ ಬಾಯಿ ಮುಚ್ಚಿದಳು. ಸುತ್ತ ಮತ್ತೆ ನಾಲ್ಕು ಹೆಂಗಸರಿದ್ದರು. ಇವತ್ತು ಇದೇ ಕಣ್ಣು ಆಗಲಿ ಎಂದು ಡಾಕ್ಟರೂ ಗಂಡನೂ ಮಾತಾಡಿಕೊಂಡಿರಬಹುದು ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಆಕೆಯನ್ನು ಟೇಬಲ್ಲಿನ ಮೇಲೆ ಮಲಗಿಸಿ ಹಸಿರು ಬಟ್ಟೆ ಹೊದಿಸಿದರು.

ಸುಮಲತಾ ಹೊರಗೆ ಬಂದು ತಟ್ಟೆ ಎತ್ತಿಕೊಂಡಳು. "ಆಯ್ತು ಹೋಗ್ರಿ. ಇನ್ನ ಮ್ಯಾಲೆ ಕೈ ಕಟ್ಟಿಕೊಂಡು ಕುಂದರ್ರಿ. ಎಡಹುಬ್ಬಿನ ಮ್ಯಾಲಿತ್ತು, ಬಲಕ್ಕೆ ಹಾಕೀನಿ."

ಜಂಬಣ್ಣ ಈಗ ಹುಷಾರಾಗಿದ್ದ. "ಯಾರ ಎಡ?" ಎಂದು ಕೇಳಿದ.

"ಅವರದೇ ಎಡ. ನನ್ನದಾ?"

"ಆಕಿಗೆ ಕಾಣಂಗಿಲ್ಲದ್ದು ಆಕಿ ಎಡಗಣ್ಣ್ರಿ. ನಾ ಬಲಕ್ಕ ಅಂಟಿಸಿದ್ದೆ. ಎಡಕ್ಕ ಹೆಂಗ ಬಂತು?"

ಹೇಗೆ ಬಂತು ಎಂಬುದು ಜಂಬಣ್ಣನಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಅದರ ಹಿಂದೆಯೇ ಆ ಎರಡು ದಿನದ ಹೋಳಿಗೆಯೂ ನೆನಪಾಯಿತು. ಬೀಗರು ಬಾರದ ಸೋಮವಾರ, "ಇರ್ಲಿ ತಿನ್ರಿ" ಎಂದು ಆಕೆ ಬಡಿಸಿದ್ದಳು, ಅವನು ಕಾರಣ ಕೇಳದೆ ನಾಲ್ಕು ತಿಂದಿದ್ದ. ಎಷ್ಟು ಸಲ ಹೀಗೆ ಆಗಿದೆಯೋ ಎಂದು ಅವನಿಗೆ ನಾಚಿಕೆಯೂ ಆಯಿತು, ಆಕೆಯ ಮೇಲೆ ಪ್ರೀತಿಯೂ ಬಂತು. ಆದರೆ ನಿಂತು ಪ್ರೀತಿ ಮಾಡುವ ಹೊತ್ತಾಗಿರಲಿಲ್ಲ.

ಆಪರೇಷನ್ ಶುರುವಾಗುತ್ತದೆಂದು ಅಷ್ಟರಲ್ಲೇ ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದರು. ಸುಮಲತಾ ಬಡಿದಳು, ಯಾರೂ ತೆಗೆಯಲಿಲ್ಲ. ಜಂಬಣ್ಣ ಸುತ್ತು ಹಾಕಿ ಓಡಿ, ಕಿಟಕಿಗೆ ಕಟ್ಟಿದ್ದ ಬಟ್ಟೆಗೆ ಬಾಯಿ ಹಚ್ಚಿ ಕೂಗಿದ. "ಏ, ಇವಳ..."

ಒಳಗೆ ಮೂರು ಟೇಬಲ್ಲುಗಳಿದ್ದವು. "ಏನ್ರಿ?" ಎಂದು ಮೂರೂ ಟೇಬಲ್ಲಿನಿಂದ ಹೆಂಗಸರು ಓಗೊಟ್ಟರು.

ಹೆಂಡತಿಯ ಹೆಸರು ಹಿಡಿದು ಕರೆದವನಲ್ಲ ಜಂಬಣ್ಣ. ಈಗ ಕಿಟಕಿಯ ಸರಳು ಹಿಡಿದು, "ಅರಸೀಕೆರಿ ದಾಕ್ಷಾಯಣಿ" ಎಂದು ಇಡೀ ಹೈಸ್ಕೂಲಿಗೆ ಕೇಳುವಂತೆ ಕೂಗಿದ. "ನಾ ಹಚ್ಚಿದ್ದು ತಪ್ಪು. ನೀ ಹಚ್ಚಿಕೊಂಡಿದ್ದ ಸರಿ ಇತ್ತು. ಡಾಕ್ಟ್ರಿಗೆ ಹೇಳು, ನಮ್ಮ ಯಜಮಾನಗ ತಿಳಿಯಂಗಿಲ್ಲ ಅಂತ ಹೇಳು."

ಕಾರಿಡಾರಿನಲ್ಲಿ ಕಾಯುತ್ತಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ಒಳಗೆ, ಕಣ್ಣಿನ ಪಕ್ಕಕ್ಕೆ ಮರಗಟ್ಟಿಸುವ ಸೂಜಿ ಚುಚ್ಚಲು ಬಗ್ಗಿದ್ದ ಡಾಕ್ಟರು ಅಮರೇಶ್ ಕೈ ಹಿಂದಕ್ಕೆ ತೆಗೆದುಕೊಂಡರು. ಬೆಳಗಿನಿಂದ ಹದಿನೇಳು ಕಣ್ಣು ಮಾಡಿದ್ದರು, ಹದಿನೇಳಕ್ಕೂ ಪ್ಲಾಸ್ಟರು ನೋಡಿಯೇ ಮಾಡಿದ್ದರು. ಬಟ್ಟೆ ಸರಿಸಿ ಕೇಳಿದರು.

"ಅಮ್ಮಾ, ನಿಮಗೆ ಯಾವ ಕಣ್ಣು ಕಾಣ್ಸಲ್ಲ?"

ದಾಕ್ಷಾಯಣಮ್ಮ ಹಸಿರು ಬಟ್ಟೆಯ ಕೆಳಗಿನಿಂದ ಕೈ ತೆಗೆದು ಎಡಗಣ್ಣು ಮುಟ್ಟಿದಳು. "ಇದು."

"ಮತ್ತೆ ಇಷ್ಟೊತ್ತು ಯಾಕಮ್ಮಾ ಹೇಳಲಿಲ್ಲ?"

"ಯಾರೂ ಕೇಳಲಿಲ್ಲಪ್ಪ" ಎಂದಳು ಆಕೆ, ಸಿಟ್ಟಿಲ್ಲದೆ.

ಡಾಕ್ಟರು ಹಿಂದಿನ ದಿನ ಬರೆದಿಟ್ಟಿದ್ದ ಆಕೆಯ ಚೀಟಿ ತರಿಸಿ ನೋಡಿದರು. ಎಡ ಎಂದೇ ಬರೆದಿತ್ತು. ಉಳಿದ ಎರಡು ಟೇಬಲ್ಲಿಗೂ ಹೋಗಿ ಅದೇ ಪ್ರಶ್ನೆ ಕೇಳಿ ಬಂದರು. ಆಮೇಲೆ ಶುರು ಮಾಡಿದರು. ಮಧ್ಯಾಹ್ನ ಹೊರಗೆ ಬಂದಾಗ ಜಂಬಣ್ಣನನ್ನು ನಿಲ್ಲಿಸಿಕೊಂಡು ಚೆನ್ನಾಗಿ ಬೈದರು. ಅವನು ತಲೆ ತಗ್ಗಿಸಿ, "ಬೈರಿ ಸಾಹೇಬ್ರ, ಇನ್ನೂ ಬೈರಿ" ಎಂದು ಅಷ್ಟನ್ನೂ ಸಂತೋಷವಾಗಿ ಕೇಳಿಸಿಕೊಂಡ. ಬಸ್ಸು ಹತ್ತಿಸುವ ಮಾತು ಅವರಿಗೂ ನೆನಪಾಗಲಿಲ್ಲ, ಸುಮಲತಾಳೂ ನೆನಪು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಎಂಟನೇ ತರಗತಿಯ ಕೋಣೆಯಲ್ಲಿ ಬ್ಯಾಂಡೇಜು ಬಿಚ್ಚುವ ಕೆಲಸ. ಹೆಂಗಸರು ಗೋಡೆಗುಂಟ ಕೂತಿದ್ದರು, ಅವರವರ ಮನೆಯವರು ಎದುರಿಗೆ ಗುಂಪಾಗಿ ನಿಂತಿದ್ದರು. ಜಂಬಣ್ಣನಿಗೆ ರಾತ್ರಿ ನಿದ್ದೆ ಹತ್ತಿರಲಿಲ್ಲ. ನಸುಕಿನಲ್ಲೇ ಎದ್ದು, ಕತ್ತಲಲ್ಲೇ ತಯಾರಾಗಿ, ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದ. ಸುಮಲತಾ ದಾಕ್ಷಾಯಣಮ್ಮನ ಎಡಗಣ್ಣಿನ ಹತ್ತಿಯನ್ನು ಮೆಲ್ಲಗೆ ಎತ್ತಿ ಒರೆಸಿದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಲು ಹೇಳಿ ಡಾಕ್ಟರು ಬೆರಳು ಹಿಡಿದರು.

"ಎಷ್ಟಮ್ಮಾ?"

"ಮೂರು."

"ಈಗ?"

"ಒಂದು. ಉಗುರು ಕತ್ತರಿಸ್ಕೋಬೇಕಪ್ಪ ನೀನು."

ಕೋಣೆಯಲ್ಲಿ ನಗೆ ಎದ್ದಿತು. ಡಾಕ್ಟರು ನಗುತ್ತ ಮುಂದಿನವರ ಹತ್ತಿರ ಹೋದರು. ಜಂಬಣ್ಣ ಎರಡು ಹೆಜ್ಜೆ ಮುಂದೆ ಬಂದು, ತಾನು ಯಾರೆಂದು ಗುರುತಿಸಲಿ ಎನ್ನುವವನಂತೆ ನೆಟ್ಟಗೆ ನಿಂತ. ದಾಕ್ಷಾಯಣಮ್ಮ ಬಲಗಣ್ಣಿನ ಮೇಲಿನ ಕೈ ತೆಗೆಯಲೇ ಇಲ್ಲ. ಹೊಸ ಕಣ್ಣೊಂದರಿಂದಲೇ ಗಂಡನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಸುತ್ತ ನಾಲ್ಕಲ್ಲ, ಮೂವತ್ತು ಜನರಿದ್ದರು.

"ರೀ" ಎಂದಳು ಎಲ್ಲರಿಗೂ ಕೇಳುವಂತೆ, "ಅಂಗಿ ಗುಂಡಿ ತಪ್ಪಾಗಿ ಹಾಕ್ಕೊಂಡೀರಿ. ಒಂದು ಕಡಿ ಅಂಚು ಮ್ಯಾಲ ಹೋಗೇತಿ, ಇನ್ನೊಂದು ಕಡಿದು ಕೆಳಗ ಐತಿ."

ಜಂಬಣ್ಣ ಬಗ್ಗಿ ನೋಡಿಕೊಂಡ. ಹೌದಾಗಿತ್ತು. ಎಲ್ಲರ ಎದುರಿಗೇ ನಿಂತು, ಮೇಲಿನಿಂದ ಒಂದೊಂದಾಗಿ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಳ್ಳತೊಡಗಿದ. ಕೊನೆಯ ಗುಂಡಿಯವರೆಗೂ ಆಕೆ ನೋಡುತ್ತಲೇ ಕೂತಿದ್ದಳು.