ಗಡ್ಡದ ಸಂದಿಯ ಗಾಳಿ

ನಾನು ಒಂದು ಉಸಿರಾಟದ ಮುಖವಾಡ. ಕರಿ ರಬ್ಬರಿನ ಮೈ, ಗಾಜಿನ ಒಂದೇ ಕಣ್ಣು, ಕೆನ್ನೆಗೆ ಗಾಳಿ ಸೋಸುವ ಡಬ್ಬಿ. ಚಂದದಲ್ಲಿ ನನಗೂ ಹಂದಿಮೂತಿಗೂ ಹೆಚ್ಚು ಅಂತರವಿಲ್ಲ, ಬಿಡಿ. ಬಿಸಿ ಅಚ್ಚಿನಿಂದ ಕಿತ್ತು ತೆಗೆದ ದಿನ ನನಗೆ ಅನಿಸಿದ್ದು ಇಷ್ಟೇ: ಯಾರದಾದರೂ ಮುಖ ಬೇಕು.

ನದಿ ದಂಡೆಯ ಅಣು ವಿದ್ಯುತ್ ಸ್ಥಾವರದಲ್ಲಿ ಆ ಮುಖ ಸಿಕ್ಕಿತು. ಬಾಗಲಕೋಟೆ ಕಡೆಯ ಫಿಟರ್ ದ್ಯಾಮಣ್ಣ. ಪೈಪು ರಿಪೇರಿಗೆ ಒಳಗೆ ಹೋಗುವಾಗ ನನ್ನನ್ನು ಕಟ್ಟಿಕೊಳ್ಳುತ್ತಿದ್ದ. ಅಲ್ಲಿನ ದೂಳಿನಲ್ಲಿ ಕಣ್ಣಿಗೆ ಕಾಣದ ವಿಕಿರಣ. ಅದು ಅವನ ಶ್ವಾಸಕೋಶ ಸೇರಬಾರದೆಂದು ನಾನು. ಅವನ ಉಸಿರು ನನ್ನೊಳಗೆ ಬೆಚ್ಚಗೆ ಹೋಗಿ ಬರುತ್ತಿತ್ತು. ಅವನು ಗುನುಗಿದರೆ ನನ್ನ ಮೈಯೆಲ್ಲ ನಡುಗುತ್ತಿತ್ತು. ಅವನು ಯಾರು, ನಾನು ಯಾರು ಎಂಬುದೇ ಮರೆತುಹೋಗುವಷ್ಟು ಸುಖ.

ಕಟ್ಟಳೆ ಒಂದಿತ್ತು. ಗಲ್ಲ ನುಣ್ಣಗಿರಬೇಕು. ಕೂದಲಿದ್ದರೆ ನಾನು ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ.

ಹೆಂಡತಿ ಗೌರವ್ವ ಬಸುರಾದಳು. ಅವರ ಮನೆತನದಲ್ಲಿ ಹೆಂಡತಿ ಬಸುರಿಯಾಗಿದ್ದಾಗ ಗಂಡ ಕ್ಷೌರ ಮಾಡಿಸುವುದಿಲ್ಲ. ಸುರಕ್ಷಾ ವಿಭಾಗದ ಪಾವಸ್ಕರ್ ಸಾಹೇಬರು ಬಾಗಿಲಲ್ಲೇ ತಡೆದರು.

"ಗಡ್ಡ ತೆಗಿ ಮಾರಾಯ."

"ಹ್ವಾದ ಸಲ ತಗದಿದ್ದೆನ್ರಿ. ಕೂಸು ಉಳೀಲಿಲ್ಲ."

ಸಾಹೇಬರು ಅವನಿಗೆ ಹೊರಗಿನ ಕೆಲಸ ಕೊಟ್ಟರು. ಆದರೆ ಒಳಗೊಂದು ವಾಲ್ವ್ ಕೈಕೊಟ್ಟಾಗ ಅದನ್ನು ಬಲ್ಲವನು ದ್ಯಾಮಣ್ಣನೊಬ್ಬನೇ. ಅವನು ನನ್ನ ಪಟ್ಟಿಯನ್ನು ಬಿಗಿಯಾಗಿ ಎಳೆದುಕೊಂಡ. ಸಾಹೇಬರು ಬೇರೆ ಕಡೆ ನೋಡಿದರು. ಒಳಗೆ ಹೋದ ಮೇಲೆ ಗಡ್ಡದ ಸಂದಿಯಲ್ಲಿ ಒಂದೆಳೆ ಗಾಳಿ ನುಸುಳಿತು. ಎಷ್ಟು ಮೆತ್ತಗೆ ಬಂತೆಂದರೆ, ಕನಸೇನೋ ಅಂದುಕೊಂಡೆ. ಆಮೇಲೆ ಹೆದರಿಕೆಯಾಯಿತು. ಕೂಗಲು ನನಗೆ ಬಾಯಿಲ್ಲ. ಆ ಮಳೆಗಾಲ ಮುಗಿಯುವವರೆಗೂ ಹೀಗೇ ಮತ್ತೆ ಮತ್ತೆ ಹೋದೆವು.

ಮಗಳು ನೀಲಮ್ಮ ಹುಟ್ಟಿದಳು. ಗಡ್ಡ ಹೋಯಿತು. ಕೆಲವು ವರ್ಷಗಳಲ್ಲಿ ನನ್ನ ರಬ್ಬರೂ ಬಿರುಕು ಬಿಟ್ಟಿತು. ಹೊಸಬರಿಗೆ ತೋರಿಸಲೆಂದು ಗೇಟಿನಾಚೆಯ ತರಬೇತಿ ಕೋಣೆಯ ಗೂಟಕ್ಕೆ ನನ್ನನ್ನು ಸಿಕ್ಕಿಸಿದರು. ಅರೆನಿದ್ದೆಯಲ್ಲಿ ಕಾಲ ಹೋಯಿತು.

ಒಂದು ಮಧ್ಯಾಹ್ನ ಗುರುತಿನ ಉಸಿರೊಂದು ಕೇಳಿಸಿತು, ಕೆಮ್ಮಿನಲ್ಲಿ ತುಂಡಾಗುತ್ತಿದ್ದ ಉಸಿರು. ದ್ಯಾಮಣ್ಣ. ಶ್ವಾಸಕೋಶದ ಕ್ಯಾನ್ಸರ್ ಅಂತೆ. ತಲೆ ನರೆತ ಪಾವಸ್ಕರ್ ಸಾಹೇಬರು ಅವನನ್ನು ಕೈಹಿಡಿದು ಕೂರಿಸಿದರು.

"ಆ ಗಡ್ಡದಿಂದನ ಆತೇನ್ರಿ?"

"ಒಳಗೆ ಕೆಲ್ಸ ಮಾಡ್ದವರಿಗೆ ಅಪಾಯ ಹೆಚ್ಚು, ಹೌದು. ಆದ್ರೆ ನಿಂಗೆ ಅದ್ರಿಂದ್ಲೇ ಬಂತು ಅಂತ ಯಾರಿಗೂ ಹೇಳೂಕೆ ಆಗುದಿಲ್ಲ. ಅಲ್ಲ ಅಂತ್ಲೂ ಹೇಳೂಕೆ ಆಗುದಿಲ್ಲ."

"ಅದು ನನಗ ಬ್ಯಾಡ್ರಿ. ನೀಲಮ್ಮ ಗಡ್ಡದ ಕತಿ ಅವ್ವನ ಕಡಿಂದ ಕೇಳ್ಯಾಳ. ತನ್ನಿಂದ ಆತು ಅಂತ ಉಣ್ಣೂದು ಬಿಟ್ಟಾಳ. ಹೊರಗ ಕುಂತಾಳ್ರಿ. ಬೀಡಿಯಿಂದ ಆತು ಅಂತ ಹೇಳ್ರಿ. ನಾ ಕದ್ದು ಸೇದತಿದ್ದೆ ಅಂತ. ನೀವು ಹೇಳಿದ್ರ ನಂಬತಾಳ."

ಸಾಹೇಬರು ಎದ್ದು ಹೊರಗೆ ಹೋಗಿ ಹಾಗೇ ಹೇಳಿದರು. ನೀಲಮ್ಮ ಓಡಿ ಬಂದು ಅಳುತ್ತ ಅಪ್ಪನನ್ನು ಬಾಯಿಗೆ ಬಂದಂತೆ ಬೈದಳು. ಅವನು ತಲೆ ತಗ್ಗಿಸಿ ಕೇಳಿದ, ಹಬ್ಬದೂಟ ಉಂಡವನ ಹಾಗೆ.

ನಾನು ಗೂಟದಲ್ಲಿ ನೇತಾಡುತ್ತ ಎಲ್ಲ ಕೇಳಿಸಿಕೊಂಡೆ. ಅಷ್ಟು ವರ್ಷ ಅವನ ಉಸಿರಿನಲ್ಲೇ ಬಾಳಿದ್ದೇನೆ. ಅದರಲ್ಲಿ ಒಂದು ದಿನವೂ ಬೀಡಿಯ ವಾಸನೆ ಇರಲಿಲ್ಲ.