ರೂಪಾ ಅಳಲಿಲ್ಲ

ಹೆತ್ತ ಅವ್ವಿ ಸತ್ತು ವಾರ ಕಳೆದರೂ ಕಮಲಿಯ ಸಿಟ್ಟು ಇಳಿದಿರಲಿಲ್ಲ. ಸಿಟ್ಟು ತಮ್ಮ ಶಾಂತಾರಾಮನ ಹೆಂಡತಿ ರೂಪಾಳ ಮೇಲೆ. ಭಟ್ಕಳದ ಹತ್ತಿರ ಜಾಲಿಯ ತವರುಮನೆಯಲ್ಲಿ ಹೆಣದ ಸುತ್ತ ಹೆಂಗಸರು ಗೋಳಾಡುತ್ತಿದ್ದರೆ, ರೂಪಾ ಬಂದವರಿಗೆ ಚಾಪೆ ಹಾಸುತ್ತ, ನೀರು ಕೊಡುತ್ತ ಓಡಾಡಿದ್ದಳು. ಕಣ್ಣಲ್ಲಿ ಹನಿ ನೀರಿರಲಿಲ್ಲ.

ಹೊನ್ನಾವರದ ಮೀನುಪೇಟೆಯಲ್ಲಿ ಬುಟ್ಟಿಯ ಮುಂದೆ ಕೂತು ಕಮಲಿ ಗುರುತಿನವರಿಗೆಲ್ಲ ಅದನ್ನೇ ಹೇಳಿದಳು. ಮನೆಗೆ ಬಂದು ಗಂಡನಿಗೂ ಹೇಳಿದಳು. ಬಲೆಯ ಹರಕು ಹೊಲಿಯುತ್ತಿದ್ದ ಸೋಮ ತಲೆ ಎತ್ತದೆ ಕೇಳಿದ, "ಆ ದಿನ ನೀ ಅತ್ತ್ಯಾ?"

"ಎಂತ ಕೇಳ್ತ್ರಿ ನೀವು? ಹೆತ್ತವ್ವಿ ಸತ್ರೆ ಅಳೂದಿಲ್ವಾ?"

"ನಂಗೆ ಕಾಣ್ಲಿಲ್ಲ. ಅದಕ್ಕೆ ಕೇಳ್ದೆ."

ಕಮಲಿ ಆ ದಿನವನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ರೂಪಾಳ ಹಸಿರು ಸೀರೆ ನೆನಪಿತ್ತು, ಅವಳು ಬಾಗಿಲಲ್ಲಿ ನಿಂತು ಚಾಪೆ ಕೊಡವಿದ್ದು ನೆನಪಿತ್ತು. ಅವ್ವಿಯ ಮುಖ ಮಾತ್ರ ನೆನಪಾಗಲಿಲ್ಲ. ತಾನು ಅತ್ತದ್ದೂ ನೆನಪಾಗಲಿಲ್ಲ.

ಅವ್ವಿಯ ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಹಿಂದಿನ ದಿನವೇ ಭಟ್ಕಳದ ಬಸ್ಸು ಹತ್ತಿದಳು. ಇವತ್ತು ಕೇಳಿಯೇ ಬಿಡಬೇಕು ಎಂದುಕೊಂಡಿದ್ದಳು. ರೂಪಾ ಹಿತ್ತಲಲ್ಲಿ ಅವ್ವಿಯ ಕಂಬಳಿ ಒಗೆಯುತ್ತಿದ್ದಳು.

"ಆ ದಿನ ನೀ ಎಂತಕೆ ಅಳ್ಲಿಲ್ಲ?"

ರೂಪಾ ಕೈ ನಿಲ್ಲಿಸಿದಳು. "ಗೊತ್ತಿಲ್ಲ ಅತ್ತಿಗೆ. ಎರಡು ವರ್ಷ ಅವರನ್ನ ಎತ್ತಿ ಮಲಗಿಸಿ ಮಾಡ್ದೆ. ಉಸಿರು ನಿಂತಾಗ ಅಳು ಬರ್ಲಿಲ್ಲ, ನಿದ್ದೆ ಬಂತು. ನಂಗೇ ಹೆದರ್ಕೆ ಆತು." ಕಂಬಳಿಯನ್ನು ಮಗುಚಿ ಹಾಕಿ ಹೇಳಿದಳು, "ನೀವು ನನ್ನೇ ನೋಡ್ತಾ ಕೂತಿದ್ರಿ. ಇವರಿಗೂ ಅಳು ಬರ್ತಿಲ್ಲ, ನನ್ನ ಕಷ್ಟ ಇವರಿಗೆ ಗೊತ್ತಾಗಿದೆ ಅಂದ್ಕಂಡೆ. ಅದರಿಂದ ಧೈರ್ಯ ಬಂತು."

ಕಮಲಿ ಜಗಳಕ್ಕೆ ಎಂದು ಮಾತು ಕೂಡಿಟ್ಟು ತಂದಿದ್ದಳು. ಈಗ, ತಾನು ಹಾಗೆ ನೋಡಿರಲಿಲ್ಲ ಎನ್ನಬೇಕು. ಹಾಗಾದರೆ ಹೇಗೆ ನೋಡಿದ್ದು? ಸಿಟ್ಟು ಇನ್ನೂ ಎಲ್ಲೋ ಒಳಗಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಒಂದು ತುದಿ ಇತ್ಲಾಗೆ ಕೊಡು," ಎಂದಳು ಕಡೆಗೆ.

ಇಬ್ಬರೂ ಕಂಬಳಿ ಹಿಂಡತೊಡಗಿದರು. ಅದು ನೆನೆದು ಬಹಳ ಭಾರವಾಗಿತ್ತು.